ಮಲೆನಾಡಿನ ಮನೆಯಲ್ಲಿ ಕಥೋಲಿಕ ವಿಶ್ವಾಸ: ಬಾಳುವವರಿಗೂ ಕಲಿಸುವವರಿಗೂ ಒಂದು ಮಾರ್ಗದರ್ಶಿ

ಶಿವಮೊಗ್ಗ ಧರ್ಮಕ್ಷೇತ್ರದ ಒಂದು ಚಿಕ್ಕ ಧರ್ಮಕೇಂದ್ರದಲ್ಲಿ ನಾನು ಹಲವು ವರ್ಷಗಳಿಂದ ಭಾನುವಾರದ ಧರ್ಮೋಪದೇಶ ತರಗತಿಯನ್ನು ನಡೆಸುತ್ತಿದ್ದೇನೆ. ಜೂನ್ ತಿಂಗಳ ಮೊದಲ ಭಾನುವಾರ, ಕೊಡೆಗಳನ್ನೆಲ್ಲ ಜಗಲಿಯ ಮೂಲೆಗೆ ಒರಗಿಸಿ ಹೊಸ ಮಕ್ಕಳು ಒಳಗೆ ಬಂದು ಕುಳಿತಾಗ, ನಾನು ಅವರಿಗೆ ಕೇಳುವ ಮೊದಲ ಪ್ರಶ್ನೆ ಒಂದೇ: ‘ನಿಮ್ಮ ಮನೆಯಲ್ಲಿ ಸಂಜೆ ಎಷ್ಟು ಹೊತ್ತಿಗೆ ಪ್ರಾರ್ಥನೆ?’ ಉತ್ತರ ಥಟ್ಟನೆ ಬಂದರೆ ಆ ಮಗುವಿನ ವಿಷಯದಲ್ಲಿ ನನ್ನ ಕೆಲಸ ಅರ್ಧ ಮುಗಿದಂತೆಯೇ. ಮಗು ಪಕ್ಕದವರ ಮುಖ ನೋಡತೊಡಗಿದರೆ, ವರ್ಷವಿಡೀ ನಾನು ಎಷ್ಟು ಹೇಳಿದರೂ ಅದು ಮಣ್ಣಿನ ಗೋಡೆಗೆ ಬಳಿದ ಸುಣ್ಣದ ಹಾಗೆ ಒಂದು ಮಳೆಗಾಲಕ್ಕೆ ತೊಳೆದುಹೋಗುತ್ತದೆ ಎಂಬುದು ನನಗೆ ಗೊತ್ತಿದೆ.

ವಿಶ್ವಾಸವು ಮಕ್ಕಳಿಗೆ ಇಳಿಯುವುದು ಗೊತ್ತಾದ ಹೊತ್ತಿಗೆ, ಗೊತ್ತಾದ ಜಾಗದಲ್ಲಿ, ಮನೆಯ ಹಿರಿಯರು ತಾವೇ ಮೊದಲು ಮಾಡುವ ಆಚರಣೆಯಿಂದ, ಮತ್ತು ಅದರ ಅರ್ಥವನ್ನು ಮಕ್ಕಳು ಕೇಳಿದಾಗ ಹೇಳಬಲ್ಲ ಅವರ ಸಿದ್ಧತೆಯಿಂದ. ಅರ್ಥವಿಲ್ಲದ ಆಚರಣೆ ಪಿಯುಸಿ ಮುಗಿಯುವ ಹೊತ್ತಿಗೆ ಕಳಚಿಕೊಳ್ಳುತ್ತದೆ. ಆಚರಣೆಯಿಲ್ಲದ ಅರ್ಥ ಭಾಷಣವಾಗಿಯೇ ಉಳಿಯುತ್ತದೆ. ಮುಂದಿನ ಹೆಜ್ಜೆಗಳನ್ನು ನಾನು ಈ ತಿಳಿವಳಿಕೆಯಿಂದಲೇ ಬರೆದಿದ್ದೇನೆ.

ಮೊದಲು, ಏನನ್ನು ಎದುರಿಸುತ್ತಿದ್ದೇವೆ ಎಂಬುದನ್ನು ಸರಿಯಾಗಿ ಗುರುತಿಸಿಕೊಳ್ಳಿ

‘ಸೆಕ್ಯುಲರ್’ ಎಂಬ ಮಾತು ನಮ್ಮಲ್ಲಿ ಎರಡು ಅರ್ಥಗಳಲ್ಲಿ ಓಡಾಡುತ್ತದೆ, ಅವೆರಡನ್ನೂ ಬೆರೆಸಬಾರದು. ನಮ್ಮ ಸಂವಿಧಾನದ ಜಾತ್ಯತೀತತೆ ನಮಗೆ ಆಸರೆಯಾಗಿದೆ. ಅದರ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ತನ್ನ ಧರ್ಮವನ್ನು ಆಚರಿಸುವ ಹಕ್ಕನ್ನೂ ಎಲ್ಲರಿಗೂ ಕೊಟ್ಟಿದೆ. ನಾನು ಇಲ್ಲಿ ಹೇಳುತ್ತಿರುವುದು ಇನ್ನೊಂದನ್ನು, ‘ಲೌಕಿಕತೆ’ ಎನ್ನಬಹುದಾದದ್ದನ್ನು. ಮಲೆನಾಡಿನಲ್ಲಿ ಅದು ನಾಸ್ತಿಕವಾದದ ರೂಪದಲ್ಲಿ ಬರುವುದು ಅಪರೂಪ. ದೇವರಿಲ್ಲ ಎಂದು ವಾದಿಸುವ ಹುಡುಗನನ್ನು ನಾನು ಇಷ್ಟು ವರ್ಷಗಳಲ್ಲಿ ಬೆರಳೆಣಿಕೆಯಷ್ಟೇ ಕಂಡಿದ್ದೇನೆ. ಇಲ್ಲಿ ಅದು ಪುರುಸೊತ್ತಿಲ್ಲದಿರುವಿಕೆಯ ರೂಪದಲ್ಲಿ ಬರುತ್ತದೆ. ಭಾನುವಾರ ಬೆಳಿಗ್ಗೆ ನೀಟ್ ಕೋಚಿಂಗ್ ಇರುತ್ತದೆ, ಸಂಜೆ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮೊಬೈಲ್ ಇರುತ್ತದೆ, ದೇವರ ಪೀಠದ ದೀಪ ಮಾತ್ರ ತನ್ನಷ್ಟಕ್ಕೆ ಉರಿಯುತ್ತಿರುತ್ತದೆ. ದೇವರನ್ನು ಯಾರೂ ಅಲ್ಲಗಳೆಯುವುದಿಲ್ಲ, ಆದರೆ ಅವರಿಗಾಗಿ ಯಾರ ಬಳಿಯೂ ಹೊತ್ತಿಲ್ಲ. ಹಾಗಾಗಿ ವಾದಗಳಿಗಿಂತ ಮೊದಲು ನಾವು ಸರಿಪಡಿಸಿಕೊಳ್ಳಬೇಕಾದದ್ದು ನಮ್ಮ ದಿನಚರಿಯನ್ನು.

‘ಸಾಂಪ್ರದಾಯಿಕ’ ಎಂಬ ಪದದ ಬಗ್ಗೆಯೂ ಒಂದು ಮಾತು. ಸಂಪ್ರದಾಯವೆಂದರೆ ಪ್ರೇಷಿತರಿಂದ, ಅಂದರೆ ಯೇಸುವಿನ ಹನ್ನೆರಡು ಶಿಷ್ಯರಿಂದ, ಪಡೆದದ್ದನ್ನು ಕಳೆಯದೆ ಮುಂದಿನವರಿಗೆ ಕೊಡುವುದು. ಲತೀನ್ ಭಾಷೆಯ ಬಲಿಪೂಜೆಯೊಂದೇ (ಮಾಸ್) ಸಂಪ್ರದಾಯವೆಂದು ತಿಳಿದವರಿದ್ದಾರೆ, ಹಳೆಯದೆಲ್ಲ ಎರಡನೆಯ ವ್ಯಾಟಿಕನ್ ಮಹಾಸಭೆಯೊಂದಿಗೆ ಮುಗಿಯಿತೆಂದು ತಿಳಿದವರೂ ಇದ್ದಾರೆ. 1962ರಿಂದ 1965ರವರೆಗೆ ನಡೆದ ಆ ಮಹಾಸಭೆಯೇ ಕುಟುಂಬವನ್ನು ‘ಮನೆಯ ಧರ್ಮಸಭೆ’ ಎಂದು ಕರೆದು ತಂದೆತಾಯಂದಿರನ್ನು ವಿಶ್ವಾಸದ ಮೊದಲ ಬೋಧಕರೆಂದು ಸಾರಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 774ನೇ ನಿಯಮ, ಮಾತಿನಿಂದಲೂ ನಡತೆಯಿಂದಲೂ ಮಕ್ಕಳನ್ನು ವಿಶ್ವಾಸದಲ್ಲಿ ರೂಪಿಸುವ ಹೊಣೆ ಎಲ್ಲರಿಗಿಂತ ಮೊದಲು ಹೆತ್ತವರದ್ದೆಂದು ಸ್ಪಷ್ಟವಾಗಿ ಹೇಳುತ್ತದೆ.

ಮೊದಲ ಹೆಜ್ಜೆ: ಹಿರಿಯರು ಮೂವತ್ತಾರು ವಾರ ಓದಬೇಕು

ನಮ್ಮಲ್ಲಿ ಹೆಚ್ಚಿನವರ ಧರ್ಮಜ್ಞಾನ ದೃಢೀಕರಣ ಸಂಸ್ಕಾರದ ದಿನಕ್ಕೇ ನಿಂತಿರುತ್ತದೆ. ಹದಿನಾಲ್ಕು ವರ್ಷದವರ ತಿಳಿವಳಿಕೆಯನ್ನು ಇಟ್ಟುಕೊಂಡು ಹದಿನೇಳು ವರ್ಷದ ಮಗನ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ನಾಲ್ಕು ಭಾಗಗಳಲ್ಲಿದೆ: ನಾವು ನಂಬುವುದೇನು, ನಾವು ಆಚರಿಸುವ ಸಂಸ್ಕಾರಗಳಾವುವು, ನಾವು ಬಾಳಬೇಕಾದುದು ಹೇಗೆ, ಪ್ರಾರ್ಥಿಸಬೇಕಾದುದು ಹೇಗೆ. ಟ್ರೆಂಟ್ ಮಹಾಸಭೆಯ ನಂತರ 1566ರಲ್ಲಿ ಬಂದ ರೋಮನ್ ಧರ್ಮೋಪದೇಶವೂ ಇದೇ ನಾಲ್ಕು ಕಂಬಗಳ ಮೇಲೆ ನಿಂತಿತ್ತು.

ಇದನ್ನು ನಾನು ವಾರಗಳಿಗೆ ಹಂಚಿಕೊಂಡ ಬಗೆ ಹೀಗಿದೆ. ಪ್ರೇಷಿತರ ವಿಶ್ವಾಸ ಪ್ರಮಾಣವನ್ನು ಸಂಪ್ರದಾಯದಂತೆ ಹನ್ನೆರಡು ವಾಕ್ಯಗಳಾಗಿ ವಿಂಗಡಿಸಿದರೆ ಹನ್ನೆರಡು ವಾರ. ಸಂಸ್ಕಾರಗಳು ಏಳು, ಹಾಗಾಗಿ ಏಳು ವಾರ. ದೇವರ ಕಟ್ಟಳೆಗಳು ಹತ್ತು, ಹತ್ತು ವಾರ. ಪರಲೋಕ ಮಂತ್ರದ ಕೋರಿಕೆಗಳು ಏಳು, ಏಳು ವಾರ. ಒಟ್ಟು ಮೂವತ್ತಾರು. ಶಾಲೆ ಶುರುವಾಗುವ ಜೂನ್ ಮೊದಲ ವಾರ ಆರಂಭಿಸಿದರೆ ಫೆಬ್ರವರಿಯ ಆರಂಭಕ್ಕೆ ಮುಗಿಯುತ್ತದೆ, ಸಾಮಾನ್ಯವಾಗಿ ಈಸ್ಟರಿಗೆ ಮೊದಲಿನ ತಪಸ್ಸು ಕಾಲ ಕಾಲಿಡುವ ಮೊದಲೇ. ವಾರದಲ್ಲಿ ಒಂದು ರಾತ್ರಿ ಗಂಡ ಹೆಂಡತಿ ಇಬ್ಬರೂ ಕುಳಿತು ಆ ವಾರದ ವಾಕ್ಯದ ಭಾಗವನ್ನು ಓದಿ, ಅದನ್ನು ಮಗುವಿಗೆ ಎರಡು ವಾಕ್ಯಗಳಲ್ಲಿ ಹೇಳುವುದಾದರೆ ಹೇಗೆ ಹೇಳುವಿರಿ ಎಂದು ಒಬ್ಬರಿಗೊಬ್ಬರು ಹೇಳಿ ನೋಡಿ. ಹೇಳಲು ಆಗದಿದ್ದರೆ ಇನ್ನೊಮ್ಮೆ ಓದಿ. ಆಗಲೂ ಆಗದಿದ್ದರೆ ಭಾನುವಾರ ಗುರುಗಳನ್ನು ಕೇಳಿ.

ಈ ಹೆಜ್ಜೆಯನ್ನು ಮೊದಲಿಗೇ ಇಟ್ಟಿರುವುದಕ್ಕೆ ನನ್ನದೇ ತಪ್ಪು ಕಾರಣ. ತರಗತಿ ಶುರುಮಾಡಿದ ಮೊದಲ ವರ್ಷಗಳಲ್ಲಿ ನಾನು ಮಕ್ಕಳಿಗೆ ಬಾಯಿಪಾಠವನ್ನಷ್ಟೇ ಮಾಡಿಸುತ್ತಿದ್ದೆ. ಒಬ್ಬ ಹುಡುಗ ವಿಶ್ವಾಸ ಪ್ರಮಾಣವನ್ನು ಒಂದೇ ಉಸಿರಿಗೆ ಒಪ್ಪಿಸಿದ. ಎಲ್ಲರೆದುರು ಹೊಗಳಿ, ‘ಪಿಲಾತ ಯಾರು?’ ಎಂದು ಕೇಳಿದೆ. ‘ಪ್ರೇಷಿತರಲ್ಲಿ ಒಬ್ಬರು, ಸರ್’ ಎಂದ, ಯೇಸುವಿಗೆ ಮರಣದಂಡನೆ ವಿಧಿಸಿದ ಅಧಿಪತಿಯನ್ನು. ಪವಿತ್ರವಾದ ಹೆಸರುಗಳ ನಡುವೆ ಬಂದ ಹೆಸರು, ಅವನು ಹಾಗೆ ತಿಳಿದದ್ದರಲ್ಲಿ ತಪ್ಪೇನಿತ್ತು? ತಪ್ಪಿದ್ದದ್ದು ಕಲಿಸಿದವನಲ್ಲಿ. ಬಾಯಿಪಾಠ ಬೇಕೇ ಬೇಕು, ಏಕೆಂದರೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ದಿನ ನೆನಪಿಗೆ ಬರುವುದು ಬಾಯಿಪಾಠವಾದದ್ದೇ. ಆದರೆ ಪ್ರತಿ ವಾಕ್ಯದ ಅರ್ಥವನ್ನು ಮಗು ತನ್ನ ಮಾತಿನಲ್ಲಿ ಹೇಳುವವರೆಗೆ ಮುಂದಿನ ವಾಕ್ಯಕ್ಕೆ ಹೋಗಬಾರದು.

ಎರಡನೆಯ ಹೆಜ್ಜೆ: ಸಂಜೆಗೆ ಒಂದು ಹೊತ್ತು, ಮನೆಗೆ ಒಂದು ಪೀಠ

ಮನೆಯ ನಡುಕೋಣೆಯಲ್ಲಿ, ಟಿವಿ ಇರುವ ಗೋಡೆಯನ್ನು ಬಿಟ್ಟು ಬೇರೆ ಗೋಡೆಗೆ, ಮಗುವಿನ ಕೈಗೆಟುಕುವ ಎತ್ತರದಲ್ಲಿ ಪೀಠ ಇರಲಿ. ಶಿಲುಬೆ, ಯೇಸುವಿನ ಪವಿತ್ರ ಹೃದಯದ ಚಿತ್ರ, ಮಾತೆ ಮರಿಯಮ್ಮನವರ ಚಿತ್ರ, ಬೈಬಲ್, ದೀಪ, ಇಷ್ಟು ಸಾಕು. ಮಳೆಗಾಲದಲ್ಲಿ ಇಲ್ಲಿನ ಗೋಡೆಗಳು ಬೆವರುವುದರಿಂದ ಬೈಬಲ್ಲಿಗೆ ಬೂಷ್ಟು ಹಿಡಿಯುತ್ತದೆ. ದಿನವೂ ತೆರೆಯುವ ಬೈಬಲ್ಲಿಗೆ ಹಿಡಿಯುವುದು ಕಡಿಮೆ. ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿರುವ ನಮ್ಮ ಪ್ರಧಾನ ದೇವಾಲಯ ಪವಿತ್ರ ಹೃದಯಕ್ಕೇ ಸಮರ್ಪಿತವಾದದ್ದು. ಫ್ರಾನ್ಸಿನ ಸಂತ ಮಾರ್ಗರೆಟ್ ಮೇರಿಯವರಿಗೆ 1673ರಿಂದ ಆದ ದರ್ಶನಗಳಿಂದ ಹಬ್ಬಿದ ಈ ಭಕ್ತಿಯ ಹಬ್ಬವನ್ನು 1856ರಲ್ಲಿ ಇಡೀ ಧರ್ಮಸಭೆಗೆ ವಿಸ್ತರಿಸಲಾಯಿತು. ಆ ಹೃದಯದ ಸುತ್ತ ಮುಳ್ಳಿನ ಕಿರೀಟ ಏಕಿದೆ, ಮೇಲೆ ಬೆಂಕಿ ಏಕೆ ಉರಿಯುತ್ತಿದೆ ಎಂದು ಮಗು ಒಂದು ದಿನ ಕೇಳುತ್ತದೆ. ಆ ದಿನಕ್ಕೆ ನಿಮ್ಮ ಉತ್ತರ ಸಿದ್ಧವಿರಲಿ.

ಹೊತ್ತು ಯಾವುದೆಂಬುದು ಮುಖ್ಯವಲ್ಲ, ಅದು ಬದಲಾಗದಿರುವುದು ಮುಖ್ಯ. ಏಳೂವರೆ ಎಂದರೆ ಏಳೂವರೆ. ಹತ್ತು ಹತ್ತು ನಮೋ ಮರಿಯಗಳ ಐದು ‘ದಶಕ’ಗಳಿರುವ ಜಪಸರಕ್ಕೆ ಇಪ್ಪತ್ತು ನಿಮಿಷ ಸಾಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಒಂದು ದಶಕದಿಂದ ಆರಂಭಿಸಿ, ಮಗುವಿಗೆ ಏಳು ತುಂಬುವ ಹೊತ್ತಿಗೆ ಐದಕ್ಕೆ ಬನ್ನಿ. ಪ್ರತಿ ದಶಕದಲ್ಲಿ ಧ್ಯಾನಿಸುವ, ಯೇಸು ಮತ್ತು ಮರಿಯಮ್ಮನವರ ಬದುಕಿನ ಘಟನೆಗಳೇ ‘ರಹಸ್ಯಗಳು’. ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳು, ಮಂಗಳವಾರ ಮತ್ತು ಶುಕ್ರವಾರ ದುಃಖದ ರಹಸ್ಯಗಳು, ಬುಧವಾರ ಮತ್ತು ಭಾನುವಾರ ಮಹಿಮೆಯ ರಹಸ್ಯಗಳು, ಗುರುವಾರ ಪೋಪ್ ಎರಡನೆಯ ಜಾನ್ ಪಾಲರು 2002ರಲ್ಲಿ ಸೇರಿಸಿದ ಬೆಳಕಿನ ರಹಸ್ಯಗಳು. ಪ್ರತಿ ರಹಸ್ಯಕ್ಕೂ ಮೊದಲು ಒಂದೇ ವಾಕ್ಯದಲ್ಲಿ ಕಣ್ಣೆದುರು ಚಿತ್ರ ಕಟ್ಟಿ: ‘ಮರಿಯಮ್ಮನವರು ಬೆಟ್ಟದ ದಾರಿ ಹತ್ತಿ ಎಲಿಜಬೇತಳ ಮನೆಗೆ ಹೋಗುತ್ತಿದ್ದಾರೆ.’ ಬೆಟ್ಟದ ದಾರಿ ಎಂದರೇನೆಂದು ನಮ್ಮ ಮಕ್ಕಳಿಗೆ ಬೇರೆ ಹೇಳಿಕೊಡಬೇಕಾಗಿಲ್ಲ. ಪ್ರಾರ್ಥನೆಗೆ ಮೊದಲು ಮನೆಯ ಎಲ್ಲ ಮೊಬೈಲುಗಳೂ, ತಂದೆಯದೇ ಮೊದಲಾಗಿ, ಒಂದು ಬುಟ್ಟಿಗೆ ಬೀಳಲಿ.

ಜಪಸರದ ತಿಂಗಳಾದ ಅಕ್ಟೋಬರ್ ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾಗುವ ತಿಂಗಳೂ ಹೌದು, ಮತ್ತು ‘ಕೊಯ್ಲಿದೆ, ಪ್ರಾರ್ಥನೆಗೆ ಹೊತ್ತಿಲ್ಲ’ ಎಂಬ ಮಾತು ಆಗಲೇ ಹೆಚ್ಚಾಗಿ ಕೇಳಿಬರುತ್ತದೆ. ನನ್ನ ಅಜ್ಜಿ ಈ ಮಾತನ್ನು ಒಪ್ಪುತ್ತಿರಲಿಲ್ಲ. ಮೆಟ್ಟುಕತ್ತಿಯ ಮೇಲೆ ಕುಳಿತು ಹಸಿ ಅಡಿಕೆ ಸುಲಿಯುವಾಗ ಅವರ ಬೆರಳುಗಳೆಲ್ಲ ಚೊಗರಿನಿಂದ ಕಪ್ಪಾಗಿ ಅಂಟುತ್ತಿದ್ದವು, ಮಣಿ ಹಿಡಿಯುವಂತಿರಲಿಲ್ಲ. ಅವರು ಒಂದು ನಮೋ ಮರಿಯಕ್ಕೆ ಸುಲಿದ ಒಂದು ಅಡಿಕೆಯನ್ನು ಬುಟ್ಟಿಯ ಅಂಚಿನ ಹತ್ತಿರ ಸಾಲಾಗಿ ಇಡುತ್ತಿದ್ದರು. ಹತ್ತು ಆದಾಗ ಆ ಸಾಲನ್ನು ಕೈಯಿಂದ ಬುಟ್ಟಿಯೊಳಕ್ಕೆ ಸವರಿ, ‘ಪಿತನಿಗೂ ಸುತನಿಗೂ’ ಎಂದು ಎತ್ತಿಕೊಳ್ಳುತ್ತಿದ್ದರು. ಸುಲಿಯಲು ಬಂದ ಬೇರೆ ಮನೆಗಳ ಹೆಂಗಸರೂ ಆ ಹೊತ್ತಿನಲ್ಲಿ ದನಿ ತಗ್ಗಿಸುತ್ತಿದ್ದರು. ಪ್ರಾರ್ಥನೆಗಾಗಿ ಕೆಲಸ ನಿಲ್ಲಿಸಲು ಆಗದ ದಿನಗಳಲ್ಲಿ ಕೆಲಸದೊಳಗೇ ಪ್ರಾರ್ಥನೆಗೆ ಜಾಗ ಮಾಡುವುದು ಹೇಗೆಂದು ನಾನು ಕಲಿತದ್ದು ಅಲ್ಲಿ.

ಭಾಷೆಯ ಬಗ್ಗೆ ಪದೇ ಪದೇ ಕೇಳುತ್ತಾರೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಮನೆಗಳಲ್ಲಿ ಕೊಂಕಣಿ, ಭದ್ರಾವತಿಯ ಕಾರ್ಖಾನೆಗಳಿಗಾಗಿ ಬಂದು ನೆಲೆಸಿದ ಮನೆಗಳಲ್ಲಿ ತಮಿಳು, ಇನ್ನುಳಿದಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮಗು ಅಳುವ ಭಾಷೆಯಲ್ಲೇ ಪ್ರಾರ್ಥನೆ ಕಲಿಸಿ ಎಂಬುದು ನನ್ನ ಅಭಿಪ್ರಾಯ. ದೇವಾಲಯದ ಕನ್ನಡ ಪ್ರಾರ್ಥನೆಗಳು ಅದರ ಜೊತೆಗೆ ಬರಲಿ. 17ನೇ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಮೊದಲು ಕನ್ನಡವನ್ನು ಕಲಿತು, ಆ ಮೇಲೆ ಕನ್ನಡದಲ್ಲೇ ಧರ್ಮೋಪದೇಶವನ್ನು ಬರೆದರು. ಜಪಸರ ಮುಗಿದ ಮೇಲೆ ಮಕ್ಕಳು ಹಿರಿಯರಿಂದ ‘ಬೆಸಾಂವ್’ ಬೇಡುವ ಕೊಂಕಣಿ ಮನೆಗಳ ಪದ್ಧತಿಯನ್ನು ಎಲ್ಲ ಭಾಷೆಯವರೂ ಎತ್ತಿಕೊಳ್ಳಬಹುದು. ಆ ಆಶೀರ್ವಾದದ ಹೊತ್ತಿಗೆ ಮಗುವಿನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಿ.

ಮೂರನೆಯ ಹೆಜ್ಜೆ: ಭಾನುವಾರವನ್ನು ಶನಿವಾರವೇ ಆರಂಭಿಸಿ

ಭಾನುವಾರದ ಬಲಿಪೂಜೆ ನಮ್ಮ ಇಷ್ಟಕ್ಕೆ ಬಿಟ್ಟ ವಿಷಯವಲ್ಲ, ಕಥೋಲಿಕರಿಗೆ ಅದು ಗಂಭೀರ ಕರ್ತವ್ಯ. ಆದರೆ ‘ಹೋಗಲೇಬೇಕು’ ಎಂಬ ಒಂದೇ ಮಾತಿನಿಂದ ಹದಿನೈದರ ಹುಡುಗಿಯನ್ನು ಎಬ್ಬಿಸಲಾಗದು. ಶನಿವಾರ ಸಂಜೆಯ ಪ್ರಾರ್ಥನೆಯಲ್ಲಿ ಮರುದಿನದ ಶುಭಸಂದೇಶವನ್ನು ಮಕ್ಕಳಿಂದಲೇ ಓದಿಸಿ. ಮೂರು ವರ್ಷಗಳ ಸುತ್ತಿನಲ್ಲಿ ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ ಮುಖ್ಯವಾಗಿ ಬರುತ್ತಾರೆ; ಹೀಗೆ ಮೂರು ವರ್ಷ ಮಾಡಿದರೆ ಮಗು ಆ ಮೂರೂ ಶುಭಸಂದೇಶಗಳನ್ನು ಬಹುಪಾಲು ಎರಡೆರಡು ಸಲ ಕೇಳಿರುತ್ತದೆ. ಬಟ್ಟೆಯನ್ನೂ ಕಾಣಿಕೆಯನ್ನೂ ಅಂದೇ ತೆಗೆದಿಡಿ. ಪರಮಪ್ರಸಾದ ಸ್ವೀಕರಿಸುವ ಒಂದು ಗಂಟೆ ಮೊದಲಿನಿಂದ ನೀರು ಮತ್ತು ಔಷಧಿ ಬಿಟ್ಟು ಬೇರೇನನ್ನೂ ಸೇವಿಸಬಾರದೆಂಬುದನ್ನು ಕಾರಣಸಹಿತ ಹೇಳಿ: ಅತಿಥಿ ಬರುವ ಮೊದಲು ಮನೆ ಗುಡಿಸುವಂತೆ ಅದು ಎಂದರೆ ಮಕ್ಕಳಿಗೆ ತಿಳಿಯುತ್ತದೆ.

ಭಾನುವಾರದ ಕೋಚಿಂಗ್ ತಪ್ಪಿಸಲು ಆಗದಿದ್ದರೆ, ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಪಾಲ್ಗೊಂಡರೂ ಕರ್ತವ್ಯ ಪೂರ್ಣವಾಗುತ್ತದೆ. ಶಿವಮೊಗ್ಗದಂಥ ಊರಿನಲ್ಲಿ ಓದುವ ಮಕ್ಕಳು ಹತ್ತಿರದ ದೇವಾಲಯದಲ್ಲಿ ಸಮಯ ವಿಚಾರಿಸಿಕೊಳ್ಳಲಿ. ಉಪಕೇಂದ್ರಗಳಲ್ಲಿ ಪ್ರತಿ ವಾರ ಬಲಿಪೂಜೆ ಇರುವುದಿಲ್ಲ, ಜುಲೈನಲ್ಲಿ ರಸ್ತೆಗೆ ಮರ ಬಿದ್ದರೆ ಬಸ್ಸೂ ಬರುವುದಿಲ್ಲ. ಹೀಗೆ ನಿಜಕ್ಕೂ ಹೋಗಲಾಗದ ದಿನ ಕುಟುಂಬವಾಗಿ ಸೇರಿ ತಕ್ಕಷ್ಟು ಹೊತ್ತು ಪ್ರಾರ್ಥಿಸಬೇಕೆಂದು ಸಂಹಿತೆಯ 1248ನೇ ನಿಯಮ ಶಿಫಾರಸು ಮಾಡುತ್ತದೆ: ಆ ದಿನದ ವಾಚನಗಳನ್ನು ಓದಿ, ವಿಶ್ವಾಸ ಪ್ರಮಾಣ ಹೇಳಿ, ಊರಿನ ರೋಗಿಗಳಿಗಾಗಿ ಬೇಡಿಕೊಳ್ಳಿ. ಟಿವಿಯ ಬಲಿಪೂಜೆ ಹಾಸಿಗೆ ಹಿಡಿದವರಿಗೆ ದೊಡ್ಡ ಸಾಂತ್ವನ, ಆದರೆ ಕಾಲು ಗಟ್ಟಿಯಿದ್ದು ದಾರಿ ತೆರೆದಿದ್ದವರಿಗೆ ಅದು ಬಲಿಪೂಜೆಯ ಬದಲಿಯಾಗಲಾರದು.

ಮನೆಗೆ ಮರಳುವ ದಾರಿಯಲ್ಲಿ ಮಗುವಿಗೆ ಒಂದೇ ಒಂದು ಪ್ರಶ್ನೆ ಕೇಳಿ, ಪರೀಕ್ಷೆಯ ದನಿಯಲ್ಲಿ ಬೇಡ. ‘ಇವತ್ತು ಕೇಳಿದ್ದರಲ್ಲಿ ನಿನಗೆ ಅರ್ಥವಾಗದ್ದು ಏನು?’ ಎಂದು ಕೇಳುವುದು ‘ಏನು ಅರ್ಥವಾಯಿತು?’ ಎನ್ನುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ನಾಲ್ಕನೆಯ ಹೆಜ್ಜೆ: ಪಾಪನಿವೇದನೆಗೆ ತಂದೆ ಮೊದಲು ಹೋಗಬೇಕು

1910ರಲ್ಲಿ ಪೋಪ್ ಹತ್ತನೆಯ ಪಿಯುಸರು, ವಿವೇಚನೆ ಮೂಡುವ ವಯಸ್ಸಿಗೆ, ಅಂದರೆ ಸುಮಾರು ಏಳನೆಯ ವರ್ಷಕ್ಕೆ, ಮಕ್ಕಳನ್ನು ಪಾಪನಿವೇದನೆಗೂ ಪರಮಪ್ರಸಾದಕ್ಕೂ ಸಿದ್ಧಗೊಳಿಸಬೇಕೆಂದು ಕಟ್ಟಳೆ ಮಾಡಿದರು. ಮೊದಲ ಪರಮಪ್ರಸಾದದ ದಿನ ಬಿಳಿ ಬಟ್ಟೆ, ಫೋಟೋ, ಊಟ ಎಲ್ಲವೂ ಆಗುತ್ತವೆ. ಎರಡನೆಯ ಪಾಪನಿವೇದನೆ ಯಾವಾಗ ಆಯಿತೆಂದು ಕೇಳಿದರೆ ಹಲವು ಮನೆಗಳಲ್ಲಿ ಮೌನ. ಗಂಭೀರ ಪಾಪಗಳನ್ನು ವರ್ಷಕ್ಕೊಮ್ಮೆಯಾದರೂ ನಿವೇದಿಸಬೇಕೆಂಬುದು ಧರ್ಮಸಭೆಯ ಕನಿಷ್ಠ ಕಟ್ಟಳೆ, ಆದರೆ ಆ ಕನಿಷ್ಠವನ್ನೇ ಗುರಿಯಾಗಿ ಇಟ್ಟುಕೊಳ್ಳಬಾರದು. ತಿಂಗಳಿಗೊಂದು ದಿನ ಗೊತ್ತುಮಾಡಿ ಮನೆಯವರೆಲ್ಲ ಒಟ್ಟಿಗೆ ಹೋಗಿ. ತಂದೆ ಮೊಣಕಾಲೂರಿ ಎದ್ದು ಬರುವುದನ್ನು ಕಂಡ ಮಗ, ಪಾಪ ಒಪ್ಪಿಕೊಳ್ಳುವುದರಿಂದ ಗಂಡಸಿನ ಮಾನ ಹೋಗುವುದಿಲ್ಲ ಎಂದು ಕಲಿಯುತ್ತಾನೆ. ಇದನ್ನು ಬೇರೆ ಯಾವ ಪಾಠವೂ ಕಲಿಸಲಾರದು.

ಆತ್ಮಪರೀಕ್ಷೆಯನ್ನು ಮಾತ್ರ ನಮ್ಮ ಬದುಕಿಗೆ ಹೊಂದಿಸಿಕೊಳ್ಳಬೇಕು. ಅಚ್ಚಾದ ಪಟ್ಟಿಗಳಲ್ಲಿ ‘ಕದ್ದಿದ್ದೇನೆಯೇ?’ ಎಂದಿರುತ್ತದೆ, ಎಲ್ಲರೂ ಇಲ್ಲವೆಂದು ಮುಂದೆ ಹೋಗುತ್ತಾರೆ. ಅದರ ಬದಲು ಹೀಗೆ ಕೇಳಿಕೊಳ್ಳಿ. ತೋಟದ ಬೇಲಿಯನ್ನು ನೆರೆಯವರ ಕಡೆಗೆ ಒಂದು ಮೊಳವಾದರೂ ಸರಿಸಿದ್ದೇನೆಯೇ? ಒಣಗದ ಅಡಿಕೆಯನ್ನು ಒಣಗಿದ್ದರ ಜೊತೆ ಬೆರೆಸಿ ಮಂಡಿಗೆ ಹಾಕಿದ್ದೇನೆಯೇ? ಔಷಧಿ ಹೊಡೆಯಲು ಮರ ಹತ್ತಿದವನ ಕೂಲಿಯನ್ನು ‘ಮುಂದಿನ ವಾರ’ ಎಂದು ತಳ್ಳಿದ್ದೇನೆಯೇ? ನಿಜವೋ ಸುಳ್ಳೋ ನೋಡದೆ ಒಬ್ಬರ ಮಾನ ಕಳೆಯುವ ಸಂದೇಶವನ್ನು ವಾಟ್ಸಾಪಿನಲ್ಲಿ ದಾಟಿಸಿದ್ದೇನೆಯೇ? ಕೂಲಿಕಾರನಿಗೆ ಮಾಡುವ ಅನ್ಯಾಯವನ್ನು ಧರ್ಮೋಪದೇಶ ಗ್ರಂಥದ 1867ನೇ ಪರಿಚ್ಛೇದ ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಸಾಲಿನಲ್ಲಿ, ಕೊಲೆಯ ಜೊತೆಗೇ ಹೇಳಿದೆ. ತೋಟವಿರುವ ಮನೆಯ ಮಕ್ಕಳಿಗೆ ಇದನ್ನು ಹೇಳದೆ ವಿಶ್ವಾಸ ಕಲಿಸಿದೆವು ಎನ್ನಲಾಗದು. ಶನಿವಾರ ಸಂಜೆ ಜಪಸರಕ್ಕೆ ಕೂರುವ ಮೊದಲು ವಾರದ ಕೂಲಿಯನ್ನು ಪೂರ್ತಿ ಕೊಟ್ಟು, ಆ ಹಣ ಎಣಿಸಿ ಕೊಡುವ ಕೆಲಸವನ್ನು ಮಗನ ಕೈಯಿಂದ ಮಾಡಿಸಿ.

ಐದನೆಯ ಹೆಜ್ಜೆ: ವರ್ಷದ ಚಕ್ರ

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸಂತೆಯ ದಿನವನ್ನೂ ಗ್ಯಾಸ್ ಬಂದ ದಿನವನ್ನೂ ಗುರುತು ಹಾಕುವ ಹಾಗೆ ಕ್ರಿಸ್ಮಸ್ಸಿಗೆ ಮೊದಲಿನ ಆಗಮನ ಕಾಲ, ತಪಸ್ಸು ಕಾಲ, ಪಾಸ್ಕ (ಈಸ್ಟರ್) ಕಾಲಗಳನ್ನು ಬಣ್ಣದ ಪೆನ್ಸಿಲ್ಲಿನಿಂದ ಮಕ್ಕಳೇ ಗುರುತಿಸಲಿ: ನೇರಳೆ, ಬಿಳಿ, ಹಸಿರು, ಕೆಂಪು. ಗುರುಗಳು ಅಂದು ಯಾವ ಬಣ್ಣದ ವಸ್ತ್ರ ಧರಿಸುತ್ತಾರೆಂದು ಮೊದಲೇ ಹೇಳಬಲ್ಲ ಮಗು ಪೂಜೆಯನ್ನು ಗಮನಿಸದೆ ಇರಲಾರದು.

ಉಪವಾಸದ ನಿಯಮಗಳು ಸರಳ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ: ಒಂದು ಪೂರ್ಣ ಊಟ, ಮತ್ತೆರಡು ಹೊತ್ತು ಅಲ್ಪಾಹಾರ. ಇದು 18 ತುಂಬಿದವರಿಂದ 59 ತುಂಬುವವರೆಗಿನವರಿಗೆ. ಮಾಂಸ ತ್ಯಾಗ 14 ತುಂಬಿದ ಎಲ್ಲರಿಗೂ. ಮೀನು ನಿಷಿದ್ಧವಲ್ಲ, ಆದರೆ ಶುಕ್ರವಾರ ಕೋಳಿ ಬಿಟ್ಟು ಅದಕ್ಕಿಂತ ದುಬಾರಿಯಾದ ಅಂಜಲ್ ಮೀನನ್ನು ತರುವ ಮನೆಯಲ್ಲಿ ನಿಯಮ ಉಳಿದಿದೆ, ತಪಸ್ಸು ಹೋಗಿದೆ. ಗಂಜಿ ಚಟ್ನಿ ಉಂಡು, ಉಳಿದ ಹಣವನ್ನು ಪೀಠದ ಮೇಲಿನ ಡಬ್ಬಿಗೆ ಹಾಕಿ, ಪಾಸ್ಕದ ಹಿಂದಿನ ದಿನ ಊರಿನ ಯಾವ ಬಡವರಿಗೆ ಕೊಡಬೇಕೆಂದು ಮಕ್ಕಳೊಂದಿಗೆ ಕುಳಿತು ತೀರ್ಮಾನಿಸಿ. ಹದಿನಾಲ್ಕರೊಳಗಿನ ಮಕ್ಕಳ ಮೇಲೆ ನಿಯಮ ಹೇರಬೇಡಿ. ಅವರೇ ಒಂದು ಚಿಕ್ಕ ತ್ಯಾಗ ಆರಿಸಿಕೊಳ್ಳಲಿ.

ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನದ ಹಬ್ಬ, ತೆನೆ ಹಬ್ಬವೂ ಹೌದು. ಆ ಹೊತ್ತಿಗೆ ನಮ್ಮ ಮಲೆನಾಡಿನ ಗದ್ದೆಗಳಲ್ಲಿ ಭತ್ತ ಇನ್ನೂ ಹಸಿರಾಗಿಯೇ ಇರುತ್ತದೆ, ಹಬ್ಬದ ತೆನೆಯನ್ನು ಘಟ್ಟದ ಕೆಳಗಿನಿಂದ ತರಿಸುವುದುಂಟು. ಒಂಬತ್ತು ದಿನ ಮೊದಲೇ ನವದಿನದ ಪ್ರಾರ್ಥನೆ ಆರಂಭಿಸಿ, ಮಕ್ಕಳಿಂದ ಹೂ ಅರ್ಪಿಸಿ, ಆಶೀರ್ವದಿಸಿದ ತೆನೆಯ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಮನೆಯ ಹಿರಿಯರ ಕೈಯಿಂದ ಎಲ್ಲರಿಗೂ ಹಂಚಿಸಿ. ಆ ದಿನ ಮನೆಯಲ್ಲಿ ಇಲ್ಲದವರ ಪಾಲನ್ನು ತೆಗೆದಿಡುವುದನ್ನು ಮರೆಯಬೇಡಿ.

ಆರನೆಯ ಹೆಜ್ಜೆ: ದೊಡ್ಡ ಮಕ್ಕಳ ಪ್ರಶ್ನೆಗಳಿಗೆ ಹೆದರಬೇಡಿ

ಹದಿನಾರರ ಮಗಳು ‘ಇದನ್ನೆಲ್ಲ ನಂಬಲೇಬೇಕಾ?’ ಎಂದಾಗ ಎಷ್ಟೋ ಮನೆಗಳಲ್ಲಿ ಬರುವುದು ಗದರಿಕೆ. ಗದರಿಸಿದರೆ ಪ್ರಶ್ನೆ ನಿಲ್ಲುತ್ತದೆ, ಸಂಶಯ ನಿಲ್ಲುವುದಿಲ್ಲ. ಅವಳು ಅದನ್ನು ಮೊಬೈಲಿಗೆ ಕೇಳುತ್ತಾಳೆ. ‘ಒಳ್ಳೆಯ ಪ್ರಶ್ನೆ, ನನಗೆ ಪೂರ್ತಿ ಗೊತ್ತಿಲ್ಲ, ಬಾ ನೋಡೋಣ’ ಎಂದು ಗ್ರಂಥ ತೆರೆದು ಪಕ್ಕ ಕುಳಿತುಕೊಳ್ಳಿ.

ವಿಜ್ಞಾನ ಓದುವವರು ಸಾಮಾನ್ಯವಾಗಿ ಧರ್ಮಕ್ಕೂ ವಿಜ್ಞಾನಕ್ಕೂ ಜಗಳವೆಂದು ನಂಬಿಕೊಂಡು ಬರುತ್ತಾರೆ. ಅವರ ಜೀವಶಾಸ್ತ್ರದ ಪುಸ್ತಕದಲ್ಲಿರುವ, ಬಟಾಣಿ ಗಿಡಗಳನ್ನು ಬೆಳೆಸಿ 1866ರಲ್ಲಿ ಆನುವಂಶಿಕತೆಯ ನಿಯಮಗಳನ್ನು ಪ್ರಕಟಿಸಿದ ಗ್ರೆಗರ್ ಮೆಂಡೆಲ್ ಆಗಸ್ಟೀನಿಯನ್ ಮಠದ ಕಥೋಲಿಕ ಗುರು. ವಿಶ್ವ ಹಿಗ್ಗುತ್ತಿದೆಯೆಂದು 1927ರಲ್ಲಿ ಗಣಿತದಿಂದ ತೋರಿಸಿ, ಮುಂದೆ ಮಹಾಸ್ಫೋಟ ಎಂದು ಹೆಸರಾದ ಸಿದ್ಧಾಂತಕ್ಕೆ ತಳಹದಿ ಹಾಕಿದ ಜಾರ್ಜ್ ಲೆಮೆತ್ರ್ ಬೆಲ್ಜಿಯಮ್ಮಿನ ಕಥೋಲಿಕ ಗುರು. ಪಾಠದ ಪುಸ್ತಕವನ್ನೇ ತೆರೆದು ಆ ಹೆಸರನ್ನು ತೋರಿಸಿದರೆ ಚರ್ಚೆಯ ದಾರಿಯೇ ಬೇರೆಯಾಗುತ್ತದೆ.

ನಮ್ಮ ಊರುಗಳಲ್ಲಿ ಇನ್ನೂ ಹೆಚ್ಚಾಗಿ ಬರುವ ಪ್ರಶ್ನೆ ‘ಎಲ್ಲ ಧರ್ಮವೂ ಒಂದೇ ಅಲ್ಲವೇ?’ ಎಂಬುದು. ಭೂಮಿ ಹುಣ್ಣಿಮೆಯ ದಿನ ದೀವರ ಸಮುದಾಯದ ಮನೆಯ ಗೆಳತಿ ಚಿತ್ತಾರ ಬಿಡಿಸಿದ ಭೂಮಣ್ಣಿ ಬುಟ್ಟಿಯನ್ನು ಹೊತ್ತು ಗದ್ದೆಗೆ ಹೋಗುವುದನ್ನು ನೋಡಿದ ಮಗುವಿಗೆ ಈ ಪ್ರಶ್ನೆ ಬರುವುದು ಸಹಜ. ಉತ್ತರದ ಎರಡೂ ಭಾಗಗಳನ್ನು ಹೇಳಬೇಕು. 1965ರ ‘ನೊಸ್ತ್ರಾ ಎತಾತೆ’ ಪ್ರಕಟಣೆಯಲ್ಲಿ ಧರ್ಮಸಭೆಯು ಇತರ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ತಾನು ನಿರಾಕರಿಸುವುದಿಲ್ಲವೆಂದು ಹೇಳಿತು. ಅದೇ ಉಸಿರಿನಲ್ಲಿ ಮಾರ್ಗವೂ ಸತ್ಯವೂ ಜೀವವೂ ಆದ ಕ್ರಿಸ್ತರನ್ನು ಸಾರುವುದನ್ನು ತಾನು ಬಿಡಲಾರೆನೆಂದೂ ಹೇಳಿತು. ಮೊದಲ ಭಾಗವನ್ನಷ್ಟೇ ಕಲಿತ ಮಗು ಕ್ರಿಸ್ತರನ್ನು ಕಳೆದುಕೊಳ್ಳುತ್ತದೆ, ಎರಡನೆಯದನ್ನಷ್ಟೇ ಕಲಿತದ್ದು ನೆರೆಯವರನ್ನು. ನಾವು ಇಲ್ಲಿಯವರೇ ಎಂಬುದನ್ನೂ ಮಕ್ಕಳಿಗೆ ಹೇಳಿ: 17ನೇ ಶತಮಾನದ ಕೊನೆಯ ದಶಕಗಳಲ್ಲಿ, ಇಂದಿನ ಸಾಗರ ತಾಲ್ಲೂಕಿನಲ್ಲಿರುವ ಕೆಳದಿಯ ರಾಣಿ ಚೆನ್ನಮ್ಮ, ತನ್ನ ರಾಜ್ಯದ ಹೊನ್ನಾವರ, ಕಲ್ಯಾಣಪುರ ಮುಂತಾದೆಡೆ ಚರ್ಚುಗಳನ್ನು ಕಟ್ಟಲು ಅನುಮತಿ ಕೊಟ್ಟಿದ್ದಳು. 1963ರಲ್ಲಿ ಚಿಕ್ಕಮಗಳೂರು, 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರಗಳಾದವು.

ತರಗತಿ ನಡೆಸುವವರಿಗೆ

ಶಾಲೆ ಧರ್ಮವನ್ನು ಕಲಿಸಿಕೊಡುತ್ತದೆ ಎಂದು ನಿಶ್ಚಿಂತರಾಗಿರುವ ಹೆತ್ತವರಿಗೆ ನೀವು ಒಂದು ವಿಷಯ ತಿಳಿಸಬೇಕು. ಸಂವಿಧಾನದ 28ನೇ ವಿಧಿಯ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನವಿರುವ ಶಾಲೆ ಯಾವ ಮಗುವನ್ನೂ ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಪಾಠಕ್ಕೆ ಕೂರಿಸುವಂತಿಲ್ಲ, ಅದು ನ್ಯಾಯವೂ ಹೌದು. ಕ್ರೈಸ್ತ ಆಡಳಿತದ ಶಾಲೆಯಲ್ಲೂ ವಾರಕ್ಕೆ ಒಂದೋ ಎರಡೋ ಅವಧಿ ಸಿಕ್ಕರೆ ಹೆಚ್ಚು. ನಿಮ್ಮ ಭಾನುವಾರದ ತರಗತಿಯೂ ಮನೆಯ ಕೆಲಸಕ್ಕೆ ಊರುಗೋಲಷ್ಟೇ.

ಮುಕ್ಕಾಲು ಗಂಟೆಯ ತರಗತಿಯಲ್ಲಿ ಹತ್ತು ನಿಮಿಷ ಬಾಯಿಪಾಠ, ಹದಿನೈದು ನಿಮಿಷ ಒಂದು ಕಥೆ, ಉಳಿದದ್ದು ಮಕ್ಕಳ ಮಾತು. ಕಥೆಗಳಿಗೆ ಬರವಿಲ್ಲ. ಗೋವೆಯಲ್ಲಿ 1651ರಲ್ಲಿ ಹುಟ್ಟಿದ ಸಂತ ಜೋಸೆಫ್ ವಾಜರು ನಮ್ಮ ಕೆನರಾ ಕರಾವಳಿಯಲ್ಲಿ ಸೇವೆ ಮಾಡಿ, ಗುರುಗಳಿಗೆ ಪ್ರವೇಶವಿಲ್ಲದಿದ್ದ ಡಚ್ಚರ ಸಿಲೋನಿಗೆ 1687ರಲ್ಲಿ ಬಡವನ ವೇಷದಲ್ಲಿ ಹೋದರು. ಅಡಗಿ ಬಾಳುತ್ತಿದ್ದ ಕಥೋಲಿಕರು ತಮ್ಮನ್ನು ಗುರುತಿಸಲೆಂದು ಕೊರಳಿಗೆ ಜಪಸರ ಹಾಕಿಕೊಂಡು ಬೀದಿ ಬೀದಿ ಅಲೆದರು. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಇನ್ನೊಂದು ಕಥೆಯನ್ನು ನಾನು ಪ್ರತಿ ವರ್ಷವೂ ಹೇಳುತ್ತೇನೆ. ಜಪಾನಿನಲ್ಲಿ ಕ್ರೈಸ್ತಧರ್ಮ ನಿಷೇಧವಾಗಿ ಗುರುಗಳೆಲ್ಲ ಇಲ್ಲವಾದ ಮೇಲೆ, ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಳ್ಳಿಯ ರೈತರೂ ಮೀನುಗಾರರೂ ಗುಟ್ಟಾಗಿ ವಿಶ್ವಾಸ ಉಳಿಸಿಕೊಂಡರು. ಹಳ್ಳಿಯಲ್ಲಿ ಒಬ್ಬ ಹಬ್ಬಗಳ ಲೆಕ್ಕ ಇಡುತ್ತಿದ್ದ, ಇನ್ನೊಬ್ಬ ಮಕ್ಕಳಿಗೆ ಜ್ಞಾನಸ್ನಾನ ಕೊಡುತ್ತಿದ್ದ. 1865ರ ಮಾರ್ಚ್ 17ರಂದು ನಾಗಸಾಕಿಯ ಹೊಸ ದೇವಾಲಯಕ್ಕೆ ಅವರಲ್ಲಿ ಕೆಲವರು ಬಂದು, ತಮ್ಮ ಹೃದಯವೂ ಅಲ್ಲಿನ ಗುರು ಪೆತಿಜಾನರ ಹೃದಯವೂ ಒಂದೇ ಎಂದು ತಿಳಿಸಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆ ಎಂದು ಕೇಳಿದರು. ಕಥೆ ಮುಗಿದ ಮೇಲೆ ಮಕ್ಕಳಿಗೆ ಒಂದು ಕೆಲಸ ಕೊಡಿ: ನಮ್ಮ ಊರಿಗೆ ಇನ್ನು ಗುರುಗಳೇ ಬರುವುದಿಲ್ಲ ಎಂದಾದರೆ ನಿಮ್ಮ ಮನೆಯಲ್ಲಿ ಯಾರಿಗೆ ಯಾವ ಪ್ರಾರ್ಥನೆ ಪೂರ್ತಿ ಬರುತ್ತದೆ ಎಂದು ಬರೆದುಕೊಂಡು ಬನ್ನಿ. ಮರುವಾರ ಬರುವ ಆ ಪಟ್ಟಿಗಳನ್ನು ಹೆತ್ತವರ ಸಭೆಯಲ್ಲಿ ಹೆಸರಿಲ್ಲದೆ ಓದಿ.

ಏಳನೆಯ ಹೆಜ್ಜೆ: ದೂರ ಹೋದವರು, ತೀರಿಹೋದವರು

ಬೆಂಗಳೂರಿಗೆ ಹೊರಟ ಮಗನಿಗೆ ಉಪ್ಪಿನಕಾಯಿಯ ಜೊತೆ, ಅವನ ಪಿ.ಜಿ.ಗೆ ಹತ್ತಿರದ ದೇವಾಲಯದ ಹೆಸರು ಮತ್ತು ಬಲಿಪೂಜೆಯ ಸಮಯವನ್ನೂ ಬರೆದುಕೊಡಿ. ಮೊದಲ ಭಾನುವಾರ ಸಾಧ್ಯವಾದರೆ ನೀವೇ ಜೊತೆಗೆ ಹೋಗಿ ಅಲ್ಲಿನ ಗುರುಗಳಿಗೆ ಪರಿಚಯಿಸಿ. ಅವನು ಹೋಗುವುದನ್ನು ಬಿಟ್ಟನೆಂದು ತಿಳಿದರೆ ಫೋನಿನಲ್ಲಿ ಪ್ರತಿ ವಾರವೂ ಅದನ್ನೇ ಕೇಳಬೇಡಿ. ಸಂಜೆಯ ಪ್ರಾರ್ಥನೆಯಲ್ಲಿ ಅವನ ಹೆಸರು ಹೇಳುವುದನ್ನು ಮಾತ್ರ ಬಿಡಬೇಡಿ, ಹೇಳುತ್ತಿದ್ದೀರೆಂದು ಅವನಿಗೂ ಗೊತ್ತಿರಲಿ.

ನವೆಂಬರ್ ತೀರಿಹೋದವರ ತಿಂಗಳು. ಆ ತಿಂಗಳ 1ರಿಂದ 8ರವರೆಗೆ ಸಮಾಧಿ ಭೂಮಿಗೆ ಹೋಗಿ ಮೃತರಿಗಾಗಿ ಪ್ರಾರ್ಥಿಸುವವರಿಗೆ ಧರ್ಮಸಭೆ ವಿಶೇಷ ಕೃಪೆಯನ್ನು ತೆರೆದಿಟ್ಟಿದೆ. ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥಿಸಿ ಅದನ್ನು ಪಡೆಯಬೇಕು, ಪಡೆದು ತೀರಿಹೋದವರಿಗೇ ಅರ್ಪಿಸಬೇಕು. ಸಕಲ ಮೃತರ ಸ್ಮರಣೆಯ ದಿನವಾದ 2ನೇ ತಾರೀಖಿಗೆ ಒಂದೆರಡು ದಿನ ಮೊದಲೇ, ರಜೆಗೆ ಬಂದ ದೊಡ್ಡ ಮಕ್ಕಳನ್ನೂ ಕರೆದುಕೊಂಡು ಹೋಗಿ. ನಾಲ್ಕು ತಿಂಗಳ ಮಳೆಗೆ ಸಮಾಧಿಗಳ ಮೇಲೆ ಕಳೆ ಆಳೆತ್ತರ ಬೆಳೆದಿರುತ್ತದೆ, ಶಿಲುಬೆಗಳಿಗೆ ಹಾವಸೆ ಹಿಡಿದಿರುತ್ತದೆ. ಕತ್ತಿ, ಪೊರಕೆ, ಒಂದು ಬಕೆಟ್ ನೀರು, ಉಜ್ಜಲು ತೆಂಗಿನ ನಾರು, ಮೇಣದ ಬತ್ತಿ ತೆಗೆದುಕೊಳ್ಳಿ. ಕಳೆ ಕೀಳುವುದು ದೊಡ್ಡವರಿಗಿರಲಿ, ಹೆಸರಿನ ಮೇಲಿನ ಹಾವಸೆ ಉಜ್ಜುವ ಕೆಲಸವನ್ನು ಓದಲು ಕಲಿತ ಚಿಕ್ಕ ಮಗುವಿಗೇ ಕೊಡಿ. ಒಂದೊಂದೇ ಅಕ್ಷರ ಬಿಡಿಸಿಕೊಂಡು ಅದು ಹೆಸರನ್ನು ಗಟ್ಟಿಯಾಗಿ ಓದಿದಾಗ, ಆ ವ್ಯಕ್ತಿ ಯಾರಾಗಿದ್ದರು, ಹೇಗೆ ಪ್ರಾರ್ಥಿಸುತ್ತಿದ್ದರು ಎಂದು ಅಲ್ಲೇ ನಿಂತು ಹೇಳಿ. ನನ್ನ ಅಜ್ಜಿಯ ಸಮಾಧಿಯ ಹತ್ತಿರ ನಾನು ಹೇಳುವುದು ಅಡಿಕೆಯ ಸಾಲುಗಳ ಕಥೆಯನ್ನು. ಕೇಳಿದ ಮೇಲೆ ಮಕ್ಕಳು ಹತ್ತು ಕಲ್ಲುಗಳನ್ನು ಆರಿಸಿ ತಂದು ಸಮಾಧಿಯ ಅಂಚಿಗೆ ಸಾಲಾಗಿ ಇಟ್ಟು ಒಂದು ದಶಕ ಹೇಳುತ್ತಾರೆ.